ಮಳೆಗಾಲದಲ್ಲಿ ಕಯಾಕ್‌ಗೆ ಎಪಾಕ್ಸಿ: ಫಿಲ್ ಕೋಟ್ ಮೇಲೆ ಜಿಡ್ಡು, ಗುಂಡಿ

ಕುಂದಾಪುರ_ಮರ:
4 ಮಿ.ಮೀ. ಮರೀನ್ ಪ್ಲೈ ಹೊಲಿದು ಅಂಟಿಸಿದ 5 ಮೀಟರ್ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ). ಹೊರಮೈಗೆ 200 ಜಿಎಸ್‌ಎಂ (ಚದರ ಮೀಟರ್‌ಗೆ 200 ಗ್ರಾಂ) ಗ್ಲಾಸ್ ಬಟ್ಟೆ ಹಾಸಿ ರೆಸಿನ್ ಕುಡಿಸಿದ್ದಾಯ್ತು. ಮರುದಿನ ಸಂಜೆ ರೋಲರ್‌ನಲ್ಲಿ ಬಟ್ಟೆಯ ನೇಯ್ಗೆ ತುಂಬಲು ರೆಸಿನ್‌ನ ಮೊದಲ ಫಿಲ್ ಕೋಟ್ ಕೊಟ್ಟೆ. ರೆಸಿನ್ ಅಲ್ಲಲ್ಲಿ ಸರಿದು ಸಾಸಿವೆ ಗಾತ್ರದ ಗುಂಡಿ ಬಿದ್ದಿವೆ, ಕೈಯಾಡಿಸಿದರೆ ಮೇಣದ ಹಾಗೆ ಜಾರುತ್ತೆ. ಅಂಚಿನ ತಿರುವಿನಲ್ಲಿ ಬಟ್ಟೆ ಬೆಳ್ಳಗೆ ಕಾಣ್ತಿದೆ. ಶೆಡ್‌ನಲ್ಲಿ 27 ಡಿಗ್ರಿ, ತೇವಾಂಶ 88%. ಉಜ್ಜಿ ವಾರ್ನಿಷ್ ಹೊಡೆಯಬಹುದಾ? ಇನ್ನೆಷ್ಟು ರೆಸಿನ್ ಬೇಕು?

ಕಡಲತಡಿ:
ಸದ್ಯಕ್ಕೆ ಸ್ಯಾಂಡ್‌ಪೇಪರ್ ಮುಟ್ಟಬೇಡಿ. ಆ ಮೇಣ ಅಮೀನ್ ಬ್ಲಶ್. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿರುವ ಅಮೀನು ಅನ್ನೋ ರಾಸಾಯನಿಕ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಕಟ್ಟುವ ಪೊರೆ. ಬಟ್ಟೆ ಕುಡಿಸಿದ ಪದರದ ಮೇಲೂ ಅದು ಕೂತಿತ್ತು, ತೊಳೆಯದೆ ಮುಂದಿನ ಕೋಟ್ ಬಿತ್ತು, ರೆಸಿನ್ ಹಿಂಜರಿದು ಗುಂಡಿಯಾಯ್ತು. ಒಣಗಿಸಿ ಉಜ್ಜಿದರೆ ಪೊರೆ ಹೋಗಲ್ಲ, ಗೀರುಗಳೊಳಗೆ ತುಂಬಿಕೊಳ್ಳುತ್ತೆ.

ಅದು ನೀರಲ್ಲಿ ಕರಗುತ್ತೆ. ಉಗುರುಬೆಚ್ಚಗಿನ ಸಾದಾ ನೀರು, ಹಸಿರು ಸ್ಕ್ರಬ್ ಪ್ಯಾಡು ಸಾಕು, ಸೋಪು ಬೇಡ. ಒಂದೊಂದು ಮೀಟರ್ ತಿಕ್ಕಿ, ನೀರು ತಾನಾಗಿ ಆರುವ ಮುಂಚೆ ಬಿಳಿ ಪೇಪರ್ ಟವೆಲ್‌ನಲ್ಲಿ ಒರೆಸಿ. ಎರಡು ಸಲ ತೊಳೆದ ಮೇಲೂ ನೀರು ಹನಿಹನಿಯಾಗಿ ನಿಂತರೆ ಮತ್ತೊಂದು ಸಲ. ಆಮೇಲೆ 120 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಸಾಯುವವರೆಗೆ ಉಜ್ಜಿ. ಗುಂಡಿಯ ತಳದಲ್ಲಿ ಹೊಳಪು ಉಳಿದಿದ್ದರೆ ಅಲ್ಲಿಗೆ ಪ್ಯಾಡ್ ಹಾಕಿ. ಅದನ್ನು ಮಟ್ಟಮಾಡಲು ಹೋಗಿ ಬಟ್ಟೆ ಕೊರೆಯಬೇಡಿ, ಮುಂದಿನ ಕೋಟ್ ತುಂಬಿಕೊಳ್ಳುತ್ತೆ.

ಮುಂದಿನ ಕೋಟ್‌ಗಳನ್ನು ಹಿಂದಿನದು ಬೆರಳಿಗೆ ಅಂಟುವಷ್ಟು ಹಸಿ ಇರುವಾಗಲೇ ಕೊಡಿ. ಆಗ ರಾಸಾಯನಿಕವಾಗಿ ಬೆಸೆಯುತ್ತೆ, ನಡುವೆ ಉಜ್ಜುವ ಕೆಲಸವೂ ಉಳಿಯುತ್ತೆ. ಮಳೆ ಹಿಡಿದ ದಿನ ಬಿಟ್ಟುಬಿಡಿ. ಹಲ್‌ನ (ದೋಣಿಯ ಒಡಲಿನ) ಮೈ, ಗಾಳಿಯ ತೇವ ನೀರಾಗಿ ಕೂರುವ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ನಿಮ್ಮ ಲೆಕ್ಕದಲ್ಲಿ ಅಂತರ 2 ಡಿಗ್ರಿ ಚಿಲ್ಲರೆ ಅಷ್ಟೇ.

ಪ್ಲೈ_ಪದರ:
ಬಿಳಿ ಜಾಗಕ್ಕೆ ಒಂದು ಪರೀಕ್ಷೆ. ತೊಳೆದು ಉಜ್ಜಿದ ಮೇಲೆ ಒರೆಸುವ ಚಿಂದಿಗೆ ಸ್ವಲ್ಪ ಡಿನೇಚರ್ಡ್ ಸ್ಪಿರಿಟ್ ಹಚ್ಚಿ ಅಲ್ಲಿ ಒರೆಸಿ. ಬಿಳಿ ಮಾಯವಾದರೆ ಅದು ಮೇಲ್ಮೈಯ ನೇಯ್ಗೆ, ರೆಸಿನ್ ಬಿದ್ದಾಗ ಮುಚ್ಚಿಹೋಗುತ್ತೆ. ಹಾಗೇ ಉಳಿದರೆ ಒಳಗೆ ಗಾಳಿ ಇದೆ, ಬಟ್ಟೆ ತಿರುವಿನಲ್ಲಿ ಎದ್ದಿದೆ. ಅಷ್ಟು ಜಾಗ ಕೊರೆದು ತೆಗೆದು, ಸುತ್ತ 5 ಸೆಂ.ಮೀ. ಇಳಿಜಾರಾಗಿ ಉಜ್ಜಿ ತೇಪೆ ಹಾಕಿ. ಮೇಲಿಂದ ಎಷ್ಟು ಕೋಟ್ ಹೊಡೆದರೂ ಪ್ರಯೋಜನವಿಲ್ಲ. ಮುಂದಿನ ಸಲ ಆ ಅಂಚನ್ನು ಕನಿಷ್ಠ 3 ಮಿ.ಮೀ. ತ್ರಿಜ್ಯಕ್ಕೆ ಉರುಟು ಮಾಡಿಕೊಂಡರೆ ಬಟ್ಟೆ ಕೂರುತ್ತೆ.

ರೆಸಿನ್ ಲೆಕ್ಕ: ಫಿಲ್ ಕೋಟ್‌ಗೆ ಚದರ ಮೀಟರ್‌ಗೆ ಸುಮಾರು 100–120 ಗ್ರಾಂ. ಹಲ್ 2.5 ಚ.ಮೀ. ಅಂದುಕೊಂಡರೆ ಕೋಟ್‌ಗೆ 300 ಗ್ರಾಂ, ಎರಡು ಕೋಟ್‌ಗೆ ರೋಲರ್ ಕುಡಿಯುವುದೂ ಸೇರಿ 700. ಒಂದೇ ಸಲ ಕಲಸಬೇಡಿ. 150 ಗ್ರಾಂ ಕಲಸಿ ತಕ್ಷಣ ಅಗಲ ತಟ್ಟೆಗೆ ಸುರಿಯಿರಿ. ಕಪ್‌ನಲ್ಲೇ ಬಿಟ್ಟರೆ ಬಿಸಿ ಒಳಗೇ ಉಳಿದು ಹೊಗೆಯಾಡಿ ಗಟ್ಟಿಯಾಗುತ್ತೆ. ತೆಳು ಫೋಮ್ ರೋಲರ್, ಹಿಂದೆಯೇ ಒಣ ಬ್ರಷ್‌ನ ತುದಿ ಎಳೆದರೆ ಗುಳ್ಳೆ ಒಡೆಯುತ್ತೆ.

ಕುಂದಾಪುರ_ಮರ:
ಥ್ಯಾಂಕ್ಸ್. ಹಾರ್ಡನರ್ ಒಂಚೂರು ಜಾಸ್ತಿ ಹಾಕಿದರೆ ಬೇಗ ಒಣಗಲ್ವಾ?

ಕಡಲತಡಿ:
ಇಲ್ಲ ಮಾರಾಯ್ರೆ, ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವ ಪಾಲಿಯೆಸ್ಟರ್ ರೆಸಿನ್ ಲೆಕ್ಕ ಇಲ್ಲಿ ನಡೆಯಲ್ಲ. ಹೆಚ್ಚಾದ ಹಾರ್ಡನರ್ ಜೋಡಿ ಸಿಗದೆ ಒಳಗೇ ಉಳಿದು ಪದರ ಮೆತ್ತಗಾಗುತ್ತೆ, ಬ್ಲಶ್ ಇನ್ನೂ ಜಾಸ್ತಿ. ಡಬ್ಬದ ಮೇಲಿನ ಅನುಪಾತ ತೂಕದ್ದೋ ಅಳತೆಯದ್ದೋ ನೋಡಿ, ಎರಡೂ ಒಂದೇ ಅಲ್ಲ. ತೂಕದ್ದಾದರೆ 1 ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು.

ವಾರ್ನಿಷ್ ಕೊನೆಯ ಕೋಟ್ ಆದ ಒಂದು ವಾರದ ಮೇಲೆ, ಮತ್ತೆ ತೊಳೆದು, 220ರಲ್ಲಿ ಉಜ್ಜಿ. ಬ್ಲಶ್ ಉಳಿದಿದ್ದರೆ ವಾರ್ನಿಷ್ ದಿನಗಟ್ಟಲೆ ಅಂಟಂಟಾಗೇ ಇರುತ್ತೆ. ಎಪಾಕ್ಸಿ ಬಿಸಿಲು ತಡೆಯಲ್ಲ, ಹಾಗಾಗಿ ಯುವಿ ತಡೆ ಇರುವ ಮರೀನ್ ವಾರ್ನಿಷ್ 4 ಕೋಟ್ ಬೇಕೇ ಬೇಕು. ಉಜ್ಜುವಾಗ ನೈಟ್ರೈಲ್ ಗ್ಲೌಸ್, ಮಾಸ್ಕ್ ಹಾಕಿ. ಅರೆಬೆಂದ ಎಪಾಕ್ಸಿ ಧೂಳಿನಿಂದ ಬರುವ ಚರ್ಮದ ಅಲರ್ಜಿ ಒಮ್ಮೆ ಹತ್ತಿಕೊಂಡರೆ ಬಿಡೋದು ಕಷ್ಟ.