ಗೋಡೆ ಎತ್ತರದಲ್ಲಿದೆ, ನೀರು ಬಚ್ಚಲಿನಿಂದ ಬಂದಿದೆ

(ಶಿವಮೊಗ್ಗದಲ್ಲಿ ತುಂಗಾ ಹೊಳೆಯ ದಂಡೆಯ ಬಡಾವಣೆಯೊಂದರ ವಾಟ್ಸ್‌ಆ್ಯಪ್ ಗುಂಪು)

ಮನೆ 14, ಬೆಳಿಗ್ಗೆ 5.40
ರಾತ್ರಿ ಎರಡೂವರೆಗೆ ಖಾಲಿ ಸಿಲಿಂಡರ್ ತೇಲಿಕೊಂಡು ಅಡುಗೆಮನೆಯ ಬಾಗಿಲಿಗೆ ಬಡಿಯುವ ಸದ್ದಿಗೆ ಎಚ್ಚರವಾಯಿತು. ಅತ್ತೆಯವರನ್ನು ಮಂಚದ ಮೇಲೆ ಕುರ್ಚಿಯಿಟ್ಟು ಕೂರಿಸಿದ್ದೇವೆ. ತುಂಗೆ ದಂಡೆಯ ತಡೆಗೋಡೆ ಹತ್ತಿ ಬಂದಿಲ್ಲ, ಬಚ್ಚಲ ತೂಬಿನಿಂದ ಉಕ್ಕಿದ್ದಾಳೆ. ದಂಡೆಯ ಮೇಲೆ ವಾಯುವಿಹಾರಕ್ಕೆ ದೀಪ, ಬೆಂಚು ಹಾಕಿದವರಿಗೆ ಅದರ ಬುಡದಲ್ಲಿ ಹೊಳೆಗೆ ಬೀಳುವ ನಮ್ಮ ಚರಂಡಿಯ ಬಾಯಿ ಕಾಣಲಿಲ್ಲವೇ? ಹತ್ತು ಗಂಟೆಗೆ ಎಲ್ಲರೂ ಮನವಿಗೆ ಸಹಿ ಹಾಕಲು ಬನ್ನಿ.

ಮನೆ 27, 5.52
ಚರಂಡಿಯ ಮಾತು ಆಮೇಲೆ. ಮೇಲೆ ಗಾಜನೂರು ಅಣೆಕಟ್ಟಿನ ಗೇಟು ಎತ್ತಿದಾಗಲೆಲ್ಲ ನಮಗೆ ಇದೇ ಗತಿ ಎಂದು 2019ರ ಆಗಸ್ಟಿನಿಂದಲೂ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಮನೆ 9, 6.05
ಸಾರ್, ಗಾಜನೂರು ಹಿಡಿಯುವುದೇ 3.24 ಟಿಎಂಸಿ. ಒಳಹರಿವು 1 ಲಕ್ಷ ಕ್ಯೂಸೆಕ್ ಇದ್ದರೆ, ಪೂರ್ತಿ ಬರಿದಾಗಿದ್ದ ಅಣೆಕಟ್ಟು ಕೂಡ 9 ಗಂಟೆಯಲ್ಲಿ ತುಂಬಿಬಿಡುತ್ತದೆ. ಆಮೇಲೆ ಬಂದಷ್ಟನ್ನು ಬಿಡದೆ ಗತಿಯಿಲ್ಲ. ಹೊಳೆಯ ಮಟ್ಟ ನಮ್ಮ ಬಚ್ಚಲಿಗಿಂತ ಮೇಲೇರಿದರೆ ಚರಂಡಿ ಹಿಂದಕ್ಕೆ ಹರಿಯುತ್ತದೆ, ಗೋಡೆಯನ್ನು ಇನ್ನೂ ಹತ್ತಡಿ ಎತ್ತರಿಸಿದರೂ ಅದು ನಿಲ್ಲದು. ಚರಂಡಿಯ ಬಾಯಿಗೆ ಮೇಲ್ಗಡೆ ಕೀಲಿರುವ ಕಬ್ಬಿಣದ ತಟ್ಟೆ ಬೇಕು: ಒಳಗಿನ ನೀರು ತಳ್ಳಿದರೆ ಅದು ತೆರೆಯುತ್ತದೆ, ಹೊಳೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಮುಚ್ಚಿರುವಷ್ಟು ಹೊತ್ತು ಬಡಾವಣೆಯ ಮಳೆನೀರನ್ನು ಎತ್ತಿ ಹಾಕಲು ಪಂಪೂ ಇರಬೇಕು. ತಟ್ಟೆಯ ಸಂದಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೂ ಎಲ್ಲವೂ ವ್ಯರ್ಥ.

ಮನೆ 27, 6.09
ಚರಂಡಿಯ ಮೇಲೆ ಚಪ್ಪಡಿ ಹಾಸಿ ಕಾರು ನಿಲ್ಲಿಸಿಕೊಂಡವರು ಚರಂಡಿಯ ಪಾಠ ಹೇಳುವುದು ಚೆನ್ನಾಗಿದೆ.

ಮನೆ 9, 6.11
ನಿಮ್ಮ ಶೌಚದ ಪೈಪು ಯಾವ ಚರಂಡಿಗೆ ಸೇರಿದೆ ಎಂಬುದನ್ನೂ ಹೇಳಿಬಿಡಿ.

ಮನೆ 31, 6.20
ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾರೆ. ನಮ್ಮ ತಿರುವಿನಲ್ಲಿ ಸ್ನಾನವೂ ತುಂಗೆಯಲ್ಲೇ ಆಯಿತು.

ಮನೆ 22, 6.34
ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿರುವ ವಿಡಿಯೋ ಕಳುಹಿಸಿದ್ದೇನೆ, ಎಲ್ಲರೂ ನೋಡಿ.

ಮನೆ 14, 6.36
ಅದು ಹೋದ ವರ್ಷದ ವಿಡಿಯೋ. ದಯವಿಟ್ಟು ಸಹಿಯ ವಿಷಯಕ್ಕೆ ಬನ್ನಿ.

ಮನೆ 18, 7.15
ವಿಡಿಯೋ ಹಳೆಯದೋ ಹೊಸದೋ, ಮಂಟಪ ನೋಡಲು ಬಂದವರು ದಂಡೆಯ ರಸ್ತೆಯ ಎರಡೂ ಬದಿಗೆ ಕಾರು ನಿಲ್ಲಿಸಿ ಹೋಗಿದ್ದಾರೆ. ಹಾಲಿನ ಗಾಡಿ ಒಳಗೆ ಬರಲಾಗದೆ ಹಿಂದಿರುಗಿತು. ನಾಳೆ ಆಂಬುಲೆನ್ಸ್ ಬಂದರೂ ಇದೇ ಪಾಡು.

ಮನೆ 27, 7.18
ಇದು ಸರಿಯಾದ ವಿಷಯ. ಸಂಜೆಯಾದರೆ ಚಾಟ್ಸ್ ಗಾಡಿಗಳು, ಭಾನುವಾರ ಬಂತೆಂದರೆ ಜಾತ್ರೆ. ರಸ್ತೆಯ ಬಾಯಿಗೆ ಅಡ್ಡಗಂಬ ಹಾಕಿಸೋಣ, ಮನವಿಯನ್ನು ನಾನೇ ಬರೆಯುತ್ತೇನೆ.

ಅಡ್ಮಿನ್, 9.30
ಹೆಚ್ಚಿನವರ ಅಭಿಪ್ರಾಯದಂತೆ ಹತ್ತು ಗಂಟೆಯ ಸಭೆಯಲ್ಲಿ ವಾಹನ ನಿಲುಗಡೆಯನ್ನು ಮೊದಲು ಎತ್ತಿಕೊಳ್ಳಲಾಗುವುದು. ಚರಂಡಿಯ ವಿಷಯವನ್ನು ಸಮಯ ಉಳಿದರೆ ನೋಡೋಣ.

ಮನೆ 14, 9.41
ಅಡ್ಡಗಂಬಕ್ಕೂ ಸಹಿ ಹಾಕುತ್ತೇನೆ. ಈ ಕಡೆ ಕರೆಂಟು ಇಲ್ಲ. ಯಾರ ಬಳಿಯಾದರೂ ಡೀಸೆಲ್ ಪಂಪು ಇದ್ದರೆ ಕಳುಹಿಸಿಕೊಡಿ.