ರಾಜ್ಯಶಾಸ್ತ್ರದ ಮೈನರ್ ಕುರಿತು ಅಣ್ಣನಿಗೂ ಅವರ ಮಗಳಿಗೂ

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರದ ಜೊತೆಗೆ ರಾಜ್ಯಶಾಸ್ತ್ರವನ್ನು ಮೈನರ್ (ಪದವಿಯಲ್ಲಿ ಎರಡನೆಯ ವಿಷಯ) ಆಗಿ ಆರಿಸಿಕೊಳ್ಳಲೇ ಎಂದು ಅಣ್ಣನ ಮಗಳು ನಿನ್ನೆ ಈ ಗ್ರೂಪಿನಲ್ಲಿ ಕೇಳಿದ್ದಳು, "ಓದಿ ಎಲೆಕ್ಷನ್‌ಗೆ ನಿಲ್ಲುತ್ತೀಯೇನು?" ಎಂದು ಅಣ್ಣ ಅಲ್ಲಿಗೇ ಮಾತು ಮುಗಿಸಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ.

ಅಣ್ಣಾ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ಇವಳಿಗೆ ಬೇಕಾದ ಪ್ರಮಾಣಪತ್ರಕ್ಕಾಗಿ ನಿಮ್ಮ ಹಳೆಯ ವ್ಯಾಸಂಗ ಪತ್ರ ಹುಡುಕಲು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ, ಗೆದ್ದಲು ಹಿಡಿದ ಕಾಗದಗಳನ್ನು ಅಂಗಳದಲ್ಲಿ ಹರವಿಕೊಂಡು ಕುಳಿತಿದ್ದಿರಲ್ಲ, ಆ ಕಾಗದದ ಹಿಂದಿರುವುದೇ ಈ ವಿಷಯ. 2012ರ 98ನೆಯ ತಿದ್ದುಪಡಿಯಿಂದ ಬಂದ ಆ ವಿಧಿಯ ಕಾರಣಕ್ಕೇ ನಮ್ಮ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು.

ಅಜ್ಜಿಯ ತವರು ಗಂಗಾವತಿ, ಅತ್ತೆಮನೆ ಕಂಪ್ಲಿ. ನಡುವೆ ಇರುವುದು ತುಂಗಭದ್ರೆ ಒಂದೇ, ಆದರೆ ಆಚೆ ನಿಜಾಮರ ರಾಜ್ಯ, ಈಚೆ ಮದ್ರಾಸ್ ಪ್ರಾಂತ. ಹೊಳೆ ದಾಟಿದರೆ ರೊಕ್ಕವೂ ಬೇರೆ, ತವರಿನಲ್ಲಿ ನಿಜಾಮರ ನಾಣ್ಯ ಹಾಲಿ ಸಿಕ್ಕಾ ನಡೆಯುತ್ತಿತ್ತು ಎಂದು ಆಕೆ ಹೇಳುತ್ತಿದ್ದಳು. ಕಂಪ್ಲಿ ಇರುವ ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳವನ್ನು ಒಳಗೊಂಡಿದ್ದ ರಾಯಚೂರು ಜಿಲ್ಲೆ 1956ರಲ್ಲಿ ಬಂದಿತು. ಹಾಗಾದರೆ ನಿಜಾಮರ ಆಳ್ವಿಕೆಯಲ್ಲಿ ಕೊನೆಯವರೆಗೆ ಇಲ್ಲದ ಬಳ್ಳಾರಿಯೂ ಈ ವಿಶೇಷ ಸ್ಥಾನಮಾನದೊಳಗೆ ಏಕಿದೆ? ಇಂತಹ ಪ್ರಶ್ನೆಗೆ ಅರ್ಥಶಾಸ್ತ್ರವೊಂದರಿಂದ ಉತ್ತರ ಸಿಗುವುದಿಲ್ಲ. ಎರಡನೆಯ ಬೆಳೆಗೆ ಕಾಲುವೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ನೀವು ಪ್ರತಿವರ್ಷ ಕಾಯುತ್ತೀರಿ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ ಎಂಬುದರ ಜೊತೆಗೆ, ಯಾವ ರಾಜ್ಯಕ್ಕೆ ಎಷ್ಟು ಪಾಲು, ಅದನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ನೌಕರಿಯ ಮಾತೂ ಇದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ ಐಚ್ಛಿಕ ವಿಷಯಕ್ಕೆ 500 ಅಂಕಗಳಿದ್ದು, ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಅದಕ್ಕೆ ಆರಿಸಿಕೊಳ್ಳಬಹುದು. ಮೈನರ್ ಓದಿದ ಮಾತ್ರಕ್ಕೆ ಹುದ್ದೆ ಸಿಗುತ್ತದೆ ಎಂದು ಮಾತ್ರ ನಾನು ಹೇಳಲಾರೆ.

ಮಗಳೇ, ಸುಲಭವಾಗಿ ಪಾಸಾಗಬಹುದು ಎಂಬ ಕಾರಣಕ್ಕೆ ಇದನ್ನು ತೆಗೆದುಕೊಳ್ಳಬೇಡ. ಗೈಡ್ ಹಿಡಿದು ಪ್ಲೇಟೋನಿಂದ ರೂಸೋವರೆಗೆ ಬಾಯಿಪಾಠ ಮಾಡಿದರೆ ಬೇಸರವೇ ಬಂದೀತು, ನನಗೆ ಬಂದಿತ್ತು. ಪಠ್ಯಕ್ರಮದಲ್ಲಿ ಸಂವಿಧಾನ, ಒಕ್ಕೂಟ ವ್ಯವಸ್ಥೆ, ಪಂಚಾಯತ್ ರಾಜ್ ಎಷ್ಟಿವೆ ಎಂದು ಮೊದಲು ನೋಡು. ಶನಿವಾರ ಕೊನೆಯ ದಿನ ಎಂದಿದ್ದೀಯಲ್ಲ, ಅಷ್ಟರೊಳಗೆ ಅದೇ ಕಾಲೇಜಿನ ಮೂರನೆಯ ವರ್ಷದ ಹುಡುಗಿಯರನ್ನು ಕಂಡು, ಆ ವಿಷಯದ ತರಗತಿಗಳು ನಿಜವಾಗಿ ನಡೆಯುತ್ತವೆಯೇ, ಅತಿಥಿ ಉಪನ್ಯಾಸಕರು ವರ್ಷದ ನಡುವೆ ಬದಲಾಗುತ್ತಾರೆಯೇ ಎಂದು ಕೇಳಿಕೊಂಡು ಬಾ.