ತಪಸ್ಸುಕಾಲದ ವಾಚನಕ್ಕೊಂದು ಪುಟ್ಟ ಕವನ: ನೀವು ಹೇಗೆ ಬರೆದಿರಿ?

ಸಿದ್ದಾಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಕಳೆದ ವರ್ಷ, ಹೊಸ ನೋಟ್‌ಬುಕ್ ತೆಗೆದಿಟ್ಟೆ. ದಿನದ ಬೈಬಲ್ ವಾಚನ ಓದಿ ಮೂರ್ನಾಲ್ಕು ಸಾಲಿನ ಕವನ ಬರೆಯಬೇಕು ಅಂತ. ಆರನೇ ದಿನಕ್ಕೆ ನಿಂತುಹೋಯಿತು. ತಿರುಗಿ ಓದಿದರೆ, ಫಾದರ್ ಹೇಳಿದ ಪ್ರಬೋಧನೆಯನ್ನೇ ತುಂಡು ಮಾಡಿ ಸಾಲು ಜೋಡಿಸಿದ ಹಾಗಿತ್ತು. ನಾನು ಕವಿಯಲ್ಲ, ಅಂಗನವಾಡಿಯಲ್ಲಿ ಕೆಲಸ. ಆದರೆ ಆ ಆರು ದಿನ ವಾಕ್ಯ ಸಂಜೆವರೆಗೂ ನನ್ನ ಜೊತೆಗಿತ್ತು, ಅದಕ್ಕೇ ಮತ್ತೆ ಆಸೆ. ಹೀಗೆ ಬರೆದವರು ಇದ್ದರೆ ದಾರಿ ಹೇಳಿ.

ಅಮ್ಮತ್ತಿಯಿಂದ

ಅಕ್ಕ, ಮೊದಲಿಗೆ ಒಂದು ಸಮಾಧಾನ. ತಪಸ್ಸುಕಾಲದಲ್ಲಿ ಭಾನುವಾರದ ವಾಚನ ಮಾತ್ರ ಮೂರು ವರ್ಷಕ್ಕೊಂದು ಸುತ್ತು ಬರುತ್ತದೆ. ಸೋಮವಾರದಿಂದ ಶನಿವಾರದ ವಾಚನ ಪ್ರತಿ ವರ್ಷವೂ ಅವೇ. ಹಾಗಾಗಿ ನೀವು ಬಿಟ್ಟ ಪುಟಗಳು ಈ ಸಲವೂ ಅಲ್ಲೇ ಕಾಯುತ್ತಿವೆ. ಹೊಸ ನೋಟ್‌ಬುಕ್ ಬೇಡ, ಹಳೆಯದನ್ನೇ ಮುಂದುವರಿಸಿ.

ನಾನು ಐದು ಎಕರೆ ರೋಬಸ್ಟಾ ಕಾಫಿ ಇಟ್ಟುಕೊಂಡವನು. ಮೊದಲ ವರ್ಷ ನಾನೂ ಬರೆದದ್ದು ಉಪದೇಶವೇ: ಪಾಪ ಬಿಡು, ದೇವರ ಕಡೆ ತಿರುಗು. ಅದು ಯಾರಿಗೆ ಗೊತ್ತಿಲ್ಲ? ಎರಡನೇ ವರ್ಷ ಬೂದಿ ಬುಧವಾರದ ಕೀರ್ತನೆ, 51ನೆಯದು, ಓದುತ್ತಾ ಒಂದು ಪದದಲ್ಲಿ ಸಿಕ್ಕಿಬಿದ್ದೆ. ನನ್ನನ್ನು ತೊಳೆ, ಹಿಮಕ್ಕಿಂತ ಬೆಳ್ಳಗಾಗುತ್ತೇನೆ ಅನ್ನುತ್ತಾನೆ ಕೀರ್ತನೆಕಾರ. ಹಿಮ ನಾನು ಫೋಟೋದಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ. ನಾಲ್ಕು ದಿನ ಆ ಪದ ತಲೆಯಲ್ಲಿ ಸುತ್ತಿತು, ಬರೆಯಲು ಏನೂ ಹೊಳೆಯಲಿಲ್ಲ. ಆ ವಾರವೇ ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಬಂತು, ಒಂದಿಂಚಿನ ಹತ್ತಿರ. ನಿಮಗೆ ಗೊತ್ತಿರುವ ಹಾಗೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಬಿಡುತ್ತದೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದೆ, ತೋಟದ ಈ ತುದಿಯಿಂದ ಆ ತುದಿವರೆಗೆ ಬಿಳುಪು, ಮಲ್ಲಿಗೆಯಂಥ ಪರಿಮಳ, ಜೇನುನೊಣದ ಸದ್ದು. ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದೆ:

ಹಿಮ ನಾನು ಕಂಡಿಲ್ಲ, ಸ್ವಾಮಿ.
ಹೂಮಳೆಯ ಒಂಬತ್ತನೇ ದಿನದ
ತೋಟದಷ್ಟು ಬೆಳ್ಳಗೆ ಮಾಡು.

ಅವತ್ತಿನಿಂದ ನನ್ನ ಕ್ರಮ ಇಷ್ಟೇ. ವಾಚನದ ಅರ್ಥ ಹುಡುಕುವುದಿಲ್ಲ, ವಾಚನದೊಳಗಿನ ಒಂದು ವಸ್ತು ಹುಡುಕುತ್ತೇನೆ. ಕೊಡ, ರೊಟ್ಟಿ, ಬಾವಿ, ಕಲ್ಲು, ಬೂದಿ, ಯಾವುದಾದರೂ ಒಂದು. ಅದು ನನ್ನ ದಿನದಲ್ಲಿ ಎಲ್ಲಿ ಸಿಗುತ್ತದೆ ಅಂತ ಕಾಯುತ್ತೇನೆ. ಸಿಕ್ಕಿದರೆ ಬರೆಯುತ್ತೇನೆ. ಪ್ರಬೋಧನೆ ಕೇಳುವ ಮೊದಲೇ ಬರೆದರೆ ಒಳ್ಳೆಯದು. ಕೇಳಿದ ಮೇಲೆ ಕೈ ತಾನಾಗಿ ಅದೇ ದಾರಿ ಹಿಡಿಯುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ. 2025ರ ತಪಸ್ಸುಕಾಲದ ಮೂರನೇ ಭಾನುವಾರ ಲೂಕನ ಶುಭಸಂದೇಶದ ಅಂಜೂರದ ಮರ ಬಂದಿತ್ತು. ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿ ಅನ್ನುತ್ತಾನೆ ಯಜಮಾನ, ತೋಟದಾಳು ಇದೊಂದು ವರ್ಷ ಬಿಡಿ ಅನ್ನುತ್ತಾನೆ. ಹಿಂದಿನ ವಾರವಷ್ಟೇ ನಮ್ಮ ಕೆಲಸದವರೊಬ್ಬರು ಒಂದು ಸಾಲು ಗಿಡದ ಬಗ್ಗೆ ನನಗೆ ಹೆಚ್ಚುಕಮ್ಮಿ ಅದೇ ಮಾತು ಹೇಳಿದ್ದರು. ನಾನು ಕೇಳಿರಲಿಲ್ಲ, ಕೀಳಿಸಿಬಿಟ್ಟಿದ್ದೆ. ಪೂಜೆಯಲ್ಲಿ ತಲೆ ಎತ್ತಲು ಆಗಲಿಲ್ಲ.

"ಇದೊಂದು ವರ್ಷ ಬಿಡಿ ಸಾವ್ಕಾರ್ರೆ,
ಬುಡ ಬಿಡಿಸಿ ಗೊಬ್ಬರ ಹಾಕ್ತೀನಿ."
ಮರದ ಪರ ನಿಂತವನ ಹೆಸರು
ಲೂಕನೂ ಬರೆದಿಲ್ಲ, ನಾನೂ ಕೇಳಿಲ್ಲ.

ಮಾರನೇ ದಿನ ಕೆಲಸದವರ ಲೈನ್ ಮನೆಗೆ ಹೋಗಿ ಅವರ ಪೂರ್ತಿ ಹೆಸರು, ಊರು ಕೇಳಿಕೊಂಡು ಬಂದೆ. ಏಳು ವರ್ಷದಿಂದ ನಮ್ಮಲ್ಲಿ ದುಡಿಯುತ್ತಿದ್ದವರು.

ವಿರಾಜಪೇಟೆಯಿಂದ

ಅಣ್ಣನ ಮಾತಿಗೆ ನನ್ನದೂ ಸೇರಿಸುತ್ತೇನೆ. ವಸ್ತು ಸಿಗದ ದಿನ ಊರಿನ ನೆನಪಲ್ಲಿ ಹುಡುಕಿ. ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ, ಮೊದಲ ಫಲದ ಬುಟ್ಟಿ ತಂದವನು ದೇವರ ಮುಂದೆ ನಿಂತು, ನಮ್ಮ ಮೂಲಪುರುಷ ಅಲೆಮಾರಿ ಅರಾಮ್ಯ (ಅರಾಮ್ ನಾಡಿನವ) ಅಂತ ಶುರುಮಾಡುತ್ತಾನೆ. ಅದನ್ನು ಓದಿದಾಗ ನಮ್ಮ ಸಂತ ಅನ್ನಮ್ಮನವರ ದೇವಾಲಯ ಕಣ್ಣಿಗೆ ಬಂತು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ, 1792ರಲ್ಲಿ ದೇವಾಲಯ ಶುರುವಾಯಿತು. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಅದು ಆ ಅಧ್ಯಾಯದೊಳಗೇ ಇದೆ ಅಂತ ಬರೆಯಲು ಕೂತಾಗಲೇ ಕಂಡದ್ದು.

ಅಲೆದು ಬಂದವನು ನನ್ನ ಮುತ್ತಜ್ಜ.
ನೆಲ ಕೊಟ್ಟವನು
ಬೇರೆ ಹೆಸರಲ್ಲಿ ಕೈಮುಗಿದವನು.
ಬುಟ್ಟಿಯಲ್ಲಿ ಇಬ್ಬರ ಫಲವೂ ಇದೆ.

ಪ್ರಾಸ ಬೇಕೇ ಬೇಕು ಅಂತ ಹಟ ಹಿಡಿಯಬೇಡಿ. ಪ್ರಾಸಕ್ಕೆ ಹೊರಟರೆ ಇಲ್ಲದ ಮಾತು ಬಂದು ಕೂರುತ್ತದೆ.

ಮಡಿಕೇರಿಯಿಂದ

ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ತಪಸ್ಸುಕಾಲವನ್ನು ಲೆಂಟ್ ಅಂತಲೇ ಕರೆಯುತ್ತೇವೆ. ನನಗೆ ರಾತ್ರಿ ಪಾಳಿ, ನರ್ಸ್ ಕೆಲಸ. ದೊಡ್ಡ ವಾಚನಕ್ಕೆ ಸಮಯ ಸಿಗುವುದಿಲ್ಲ, ಕೀರ್ತನೆ ಮಾತ್ರ ಓದುತ್ತೇನೆ. ಕೀರ್ತನೆಗಳ ಕಟ್ಟಡವೇ ಬರೆಯಲು ಕಲಿಸುತ್ತದೆ: ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಲ್ಲಿ ಮತ್ತೆ ಹೇಳುತ್ತದೆ. 130ನೇ ಕೀರ್ತನೆಯಲ್ಲಂತೂ ಬೆಳಗಿಗಾಗಿ ಕಾಯುವ ಕಾವಲುಗಾರನ ಮಾತು ಎರಡು ಸಲ ಹಾಗೇ ಬರುತ್ತದೆ. ಕಾದು ಸುಸ್ತಾದವರಿಗೆ ಮಾತ್ರ ಅದು ಯಾಕೆ ಎರಡು ಸಲ ಅಂತ ಗೊತ್ತು.

ಮೂರಕ್ಕೆ ಡ್ರಿಪ್ ಬದಲಿಸಿದೆ,
ನಾಲ್ಕಕ್ಕೆ ಜ್ವರ ನೋಡಿದೆ.
ಬೆಳಗಾಗಲಿ ಕರ್ತನೇ, ಬೆಳಗಾಗಲಿ.

ಕುಶಾಲನಗರದಿಂದ

ತಂಗಿ, ಬರೆದದ್ದನ್ನು ದಿನಾ ಸ್ಟೇಟಸ್‌ಗೆ ಹಾಕಬೇಡ. ಬೂದಿ ಬುಧವಾರದ ಶುಭಸಂದೇಶವೇ ಮತ್ತಾಯನ ಆರನೇ ಅಧ್ಯಾಯ: ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಅನ್ನುತ್ತದೆ. ಒಂದು ವರ್ಷ ನಾನು ಹಾಕಿದೆ. ಎರಡನೇ ವಾರಕ್ಕೆ ವಾಚನ ಓದುವಾಗಲೇ ಯಾರಿಗೆ ಹಿಡಿಸುತ್ತದೆ ಅಂತ ಲೆಕ್ಕ ಶುರುವಾಯಿತು. ಬೇಸರವಾಗಿ ನಿಲ್ಲಿಸಿದೆ. ಈಗ ಪಾಸ್ಖ (ಈಸ್ಟರ್) ಮುಗಿದ ಮೇಲೆ ಅಮ್ಮನಿಗೆ ಮಾತ್ರ ಓದಿ ಹೇಳುತ್ತೇನೆ.

ತಪ್ಪಿದ ದಿನದ ಬಗ್ಗೆಯೂ ಹೇಳುತ್ತೇನೆ, ನೀನು ನಿಂತದ್ದು ಅಲ್ಲೇ ಅನ್ನಿಸುತ್ತದೆ. ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಬರೆಯಲು ಹೋಗಬೇಡ. ಆ ಪುಟಕ್ಕೆ ತಾರೀಖು ಹಾಕಿ ಖಾಲಿ ಬಿಡು. ಈಸ್ಟರ್ ಹಿಂದಿನ ದಿನ, ಪವಿತ್ರ ಶನಿವಾರ, ಹಗಲು ದೇವಾಲಯದಲ್ಲೂ ಬಲಿಪೂಜೆ ಇರುವುದಿಲ್ಲ, ಪೀಠದ ಮೇಲೆ ಬಟ್ಟೆಯೂ ಇರುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟಕ್ಕೆ ಪ್ರತಿ ವರ್ಷವೂ ತಾರೀಖು ಮಾತ್ರ.